ಬೆಂಗಳೂರಿಗೆ ಓದಲು ಹೋಗುವವರಿಗೆ ಕಾರು ಬೇಕೆ? ಒಂದು ಲೆಕ್ಕ

ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಯುತ್ತಿದ್ದಂತೆ ನಮ್ಮ ಊರುಗಳಲ್ಲಿ ಕೇಳಿಬರುವುದು ಒಂದೇ ಪ್ರಶ್ನೆ: ಮುಂದೆ ಎಲ್ಲಿ? ಭಟ್ಕಳ, ಹೊನ್ನಾವರ, ಕುಮಟಾದಲ್ಲಿಯೇ ಪದವಿ ಓದುವವರು ಅನೇಕರು. ಮಂಗಳೂರು, ಮಣಿಪಾಲ, ಬೆಂಗಳೂರಿಗೆ ಹೋಗುವವರೂ ಪ್ರತಿ ವರ್ಷ ಇದ್ದೇ ಇರುತ್ತಾರೆ. ಸೀಟು ಸಿಕ್ಕಿ, ರೂಮು ಸಿಕ್ಕಿ, ಮನೆಯವರು ಒಪ್ಪಿದ ಮೇಲೆ ಎರಡನೆಯ ಪ್ರಶ್ನೆ ಏಳುತ್ತದೆ: "ಅಷ್ಟು ದೊಡ್ಡ ಊರಿನಲ್ಲಿ ಗಾಡಿ ಇಲ್ಲದೆ ಹೇಗೆ?" ಕೆಲವು ಮನೆಗಳಲ್ಲಿ ಇದು ಮಗನ ಆಸೆ. ಕೆಲವು ಮನೆಗಳಲ್ಲಿ ತಾಯಿಯ ಭಯ. ಗಲ್ಫಿನಲ್ಲಿ ದುಡಿಯುವ ತಂದೆಗೆ ಅದು ದೂರದಿಂದ ಕೊಡಬಹುದಾದ ಒಂದು ದೊಡ್ಡ ಉಡುಗೊರೆ.

ಈ ಪ್ರಶ್ನೆಗೆ ಉತ್ತರವನ್ನು ನಾವು ಸಾಮಾನ್ಯವಾಗಿ ಆಸೆಯಿಂದ ಅಥವಾ ಭಯದಿಂದ ಕೊಡುತ್ತೇವೆ. ವಾಣಿಜ್ಯ ವಿದ್ಯಾರ್ಥಿಗಳಾದ ನಮ್ಮ ಕೈಯಲ್ಲಿ ಬೇರೆ ಸಾಧನಗಳಿವೆ. ಸ್ಥಿರ ವೆಚ್ಚ, ಬದಲಾಗುವ ವೆಚ್ಚ, ಸವಕಳಿ, ಅವಕಾಶ ವೆಚ್ಚ ಇವೆಲ್ಲವನ್ನೂ ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೇವೆ. ಅವನ್ನೇ ಈ ಪ್ರಶ್ನೆಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಮೊದಲು ಕಾನೂನು

ನಮ್ಮಲ್ಲಿ ಹೆಚ್ಚಿನವರ ವಯಸ್ಸು 16 ಅಥವಾ 17. ಕಾರು ಓಡಿಸುವ ಪರವಾನಗಿಗೆ 18 ತುಂಬಿರಬೇಕು. 16 ತುಂಬಿದವರಿಗೆ, ಪೋಷಕರ ಒಪ್ಪಿಗೆಯ ಮೇಲೆ, ಗೇರಿಲ್ಲದ 50 ಸಿಸಿ ಒಳಗಿನ ದ್ವಿಚಕ್ರ ವಾಹನಕ್ಕೆ ಮಾತ್ರ ಅವಕಾಶವಿದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿಯಾಗಿ 199ಎ ಎಂಬ ಸೆಕ್ಷನ್ ಸೇರಿತು. ಅದರ ಪ್ರಕಾರ ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು 3 ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದು. ವಾಹನದ ನೋಂದಣಿ 12 ತಿಂಗಳು ರದ್ದಾಗುತ್ತದೆ. ಓಡಿಸಿದ ಹುಡುಗನಿಗೆ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಪರವಾನಗಿ ಸಿಗುವುದಿಲ್ಲ. "ಮನೆಯಿಂದ ಮಸೀದಿಯ ತನಕ ಅಷ್ಟೇ" ಎಂದು ಕೀ ಕೊಡುವ ದೊಡ್ಡವರು ಇದನ್ನು ತಿಳಿದಿರಬೇಕು. ಹಾಗಾಗಿ ಮುಂದಿನ ಲೆಕ್ಕವೆಲ್ಲ 18 ತುಂಬಿ ಪರವಾನಗಿ ಪಡೆದವರಿಗೆ ಮಾತ್ರ.

ಪೆಟ್ರೋಲ್ ಮಾತ್ರವೇ ಖರ್ಚಲ್ಲ

ಕಾರಿನ ಖರ್ಚು ಎಷ್ಟು ಎಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಪೆಟ್ರೋಲ್ ಬೆಲೆ ಹೇಳುತ್ತಾರೆ. ಪೆಟ್ರೋಲ್ ಬದಲಾಗುವ ವೆಚ್ಚ. ಕಾರು ಓಡಿದರೆ ಬರುತ್ತದೆ, ನಿಂತರೆ ಬರುವುದಿಲ್ಲ. ಆದರೆ ಕಾರು ಒಂದು ಕಿಲೋಮೀಟರ್ ಕೂಡ ಓಡದಿದ್ದರೂ ಬರುವ ಖರ್ಚುಗಳಿವೆ. ವಿಮೆ, ನಿಲ್ಲಿಸುವ ಜಾಗ, ವರ್ಷಕ್ಕೊಮ್ಮೆ ಸರ್ವಿಸ್, ನಿಂತು ನಿಂತೇ ಹಾಳಾಗುವ ಬ್ಯಾಟರಿ, ಮತ್ತು ಸವಕಳಿ. ಇವು ಸ್ಥಿರ ವೆಚ್ಚಗಳು.

ಇವುಗಳಲ್ಲಿ ಸವಕಳಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದಕ್ಕೆ ಕಾರಣ ಸರಳ: ಸವಕಳಿಗೆ ಯಾರೂ ಬಿಲ್ಲು ಕೊಡುವುದಿಲ್ಲ. ಪ್ರಥಮ ಪಿಯುಸಿ ಲೆಕ್ಕಶಾಸ್ತ್ರದಲ್ಲಿ ನಾವು ಓದಿದ್ದು ನೆನಪಿರಬಹುದು. ಇದು ನಗದು ಹೊರಹೋಗದ ವೆಚ್ಚ, ಆದರೆ ನಿಜವಾದ ವೆಚ್ಚ. ಕಾರು ಮಾರುವ ದಿನ ಅದು ಒಮ್ಮೆಲೇ ಕಣ್ಣಿಗೆ ಬೀಳುತ್ತದೆ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 4,00,000 ರೂಪಾಯಿಗೆ ಒಂದು ಸೆಕೆಂಡ್ ಹ್ಯಾಂಡ್ ಕಾರು. ಪದವಿಯ 3 ವರ್ಷ ಇಟ್ಟುಕೊಂಡು ಮಾರುವ ಯೋಜನೆ. ಆದಾಯ ತೆರಿಗೆ ಲೆಕ್ಕದಲ್ಲಿ ಕಾರಿಗೆ ಸಾಮಾನ್ಯವಾಗಿ ಬಳಸುವ ಸವಕಳಿ ದರ ಶೇ 15. ಇಳಿಕೆ ಶೇಷ ವಿಧಾನದಲ್ಲಿ ಹೀಗಾಗುತ್ತದೆ:

ಮೊದಲ ವರ್ಷ: 4,00,000ದ ಶೇ 15 = 60,000. ಉಳಿದದ್ದು 3,40,000.
ಎರಡನೆಯ ವರ್ಷ: 3,40,000ದ ಶೇ 15 = 51,000. ಉಳಿದದ್ದು 2,89,000.
ಮೂರನೆಯ ವರ್ಷ: 2,89,000ದ ಶೇ 15 = 43,350. ಉಳಿದದ್ದು 2,45,650.

ಮೂರು ವರ್ಷದ ಒಟ್ಟು ಸವಕಳಿ 1,54,350. ವರ್ಷಕ್ಕೆ ಸರಾಸರಿ 51,450 ರೂಪಾಯಿ. ಮಾರುಕಟ್ಟೆಯಲ್ಲಿ ಬೆಲೆ ಇದಕ್ಕಿಂತ ಹೆಚ್ಚು ಅಥವಾ ಕಡಿಮೆ ಇಳಿಯಬಹುದು. ಆದರೆ ಇಳಿಯದೆ ಇರುವುದಿಲ್ಲ.

ಒಟ್ಟು ಲೆಕ್ಕ

ಈಗ ಉಳಿದದ್ದನ್ನು ಸೇರಿಸೋಣ. ಕಾನೂನು ಕಡ್ಡಾಯ ಮಾಡಿರುವ ಥರ್ಡ್ ಪಾರ್ಟಿ ವಿಮೆಯೇ 1000ದಿಂದ 1500 ಸಿಸಿ ಕಾರಿಗೆ, 2022ರ ಜೂನ್‌ನಲ್ಲಿ ನಿಗದಿಯಾದ ದರದಂತೆ, ವರ್ಷಕ್ಕೆ 3,416 ರೂಪಾಯಿ ಮತ್ತು ತೆರಿಗೆ. ನಮ್ಮ ಕಾರಿಗೂ ರಕ್ಷಣೆ ಬೇಕೆಂದರೆ ಮೊತ್ತ ಹೆಚ್ಚುತ್ತದೆ. ನಾನು 10,000 ಎಂದು ಹಿಡಿದಿದ್ದೇನೆ. ಸರ್ವಿಸ್, ಟೈರು, ಸಣ್ಣಪುಟ್ಟ ರಿಪೇರಿಗೆ 12,000. ನಿಲ್ಲಿಸುವ ಜಾಗಕ್ಕೆ ತಿಂಗಳಿಗೆ 2,000ದಂತೆ 24,000. ಈ ಮೂರು ಅಂಕಿಗಳು ನನ್ನ ಅಂದಾಜು. ನಿಮ್ಮ ಪರಿಸ್ಥಿತಿಗೆ ತಕ್ಕಂತೆ ಬದಲಿಸಿಕೊಳ್ಳಬಹುದು.

ಪೆಟ್ರೋಲಿಗೆ: ದಿನಕ್ಕೆ ಹೋಗಿ ಬರಲು 20 ಕಿಲೋಮೀಟರ್, ವರ್ಷಕ್ಕೆ 220 ದಿನ ತರಗತಿ, ಒಟ್ಟು 4,400 ಕಿಲೋಮೀಟರ್. ಊರಿನ ಟ್ರಾಫಿಕ್ಕಿನಲ್ಲಿ ಲೀಟರಿಗೆ 15 ಕಿಲೋಮೀಟರ್. ಲೆಕ್ಕ ಸುಲಭವಾಗಲೆಂದು ಪೆಟ್ರೋಲ್ ಬೆಲೆಯನ್ನು ಲೀಟರಿಗೆ 100 ರೂಪಾಯಿ ಎಂದುಕೊಳ್ಳೋಣ. ಸುಮಾರು 29,300 ರೂಪಾಯಿ ಆಗುತ್ತದೆ.

ಸವಕಳಿ: 51,450
ವಿಮೆ: 10,000
ಸರ್ವಿಸ್ ಮತ್ತು ರಿಪೇರಿ: 12,000
ನಿಲ್ಲಿಸುವ ಜಾಗ: 24,000
ಒಟ್ಟು ಸ್ಥಿರ ವೆಚ್ಚ: 97,450
ಪೆಟ್ರೋಲ್: 29,300
ಒಟ್ಟು: 1,26,750 ರೂಪಾಯಿ

ಇದನ್ನು 4,400ರಿಂದ ಭಾಗಿಸಿದರೆ ಕಿಲೋಮೀಟರಿಗೆ ಸುಮಾರು 28 ರೂಪಾಯಿ 80 ಪೈಸೆ. ಇದರಲ್ಲಿ ಪೆಟ್ರೋಲಿನ ಪಾಲು 6 ರೂಪಾಯಿ 67 ಪೈಸೆ ಮಾತ್ರ. ಅಂದರೆ ನಾವು ಖರ್ಚು ಎಂದುಕೊಳ್ಳುವುದು ನಿಜವಾದ ಖರ್ಚಿನ ಕಾಲು ಭಾಗವೂ ಅಲ್ಲ. ಉಳಿದ ಮುಕ್ಕಾಲು ಭಾಗ ಕಾರು ಓಡಿದ್ದಕ್ಕಲ್ಲ, ಕಾರು ಇದ್ದದ್ದಕ್ಕೆ.

ಬಸ್ಸು, ಮೆಟ್ರೋ, ಆಟೋ

ಬೆಂಗಳೂರಿನಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸಿನ ತಿಂಗಳ ಪಾಸು 2025ರ ಜನವರಿಯಲ್ಲಿ ದರ ಏರಿದ ಮೇಲೆ 1,200 ರೂಪಾಯಿ ಆಯಿತು. ವಿದ್ಯಾರ್ಥಿ ಪಾಸಿಗೆ ಇದಕ್ಕಿಂತ ಕಡಿಮೆ. ಆದರೂ ದೊಡ್ಡ ಮೊತ್ತವನ್ನೇ ಹಿಡಿಯೋಣ: ವರ್ಷಕ್ಕೆ 14,400. ಮೆಟ್ರೋ ಮತ್ತು ಅವಸರಕ್ಕೆ ಆಟೋ ಎಂದು ತಿಂಗಳಿಗೆ 1,000 ಸೇರಿಸೋಣ, ವರ್ಷಕ್ಕೆ 12,000. ಒಟ್ಟು 26,400. ಕಾರಿಗೂ ಇದಕ್ಕೂ ವರ್ಷಕ್ಕೆ 1,00,350 ರೂಪಾಯಿ ವ್ಯತ್ಯಾಸ. ಮೂರು ವರ್ಷಕ್ಕೆ ಮೂರು ಲಕ್ಷಕ್ಕೂ ಸ್ವಲ್ಪ ಹೆಚ್ಚು.

"ದುಡ್ಡು ಹೋದರೂ ಸಮಯ ಉಳಿಯುತ್ತದಲ್ಲ" ಎಂದು ಕೇಳಬಹುದು. ಟಾಮ್‌ಟಾಮ್ ಎಂಬ ಸಂಸ್ಥೆ ಪ್ರತಿ ವರ್ಷ ಜಗತ್ತಿನ ನಗರಗಳ ಸಂಚಾರವನ್ನು ಅಳೆಯುತ್ತದೆ. ಅದರ ಪ್ರಕಾರ 2023ರಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗಲು ಕಾರಿಗೆ ಸರಾಸರಿ 28 ನಿಮಿಷ 10 ಸೆಕೆಂಡು ಬೇಕಾಯಿತು. ಗಂಟೆಗೆ ಸುಮಾರು 21 ಕಿಲೋಮೀಟರ್ ವೇಗ. ಅದೂ ಸರಾಸರಿ. ಕಾಲೇಜಿಗೆ ಹೋಗುವ ಮತ್ತು ಬಿಡುವ ಹೊತ್ತು ಸರಾಸರಿಯ ಹೊತ್ತಲ್ಲ.

ಮೆಟ್ರೋ ಈ ಸಾಲಿನಲ್ಲಿ ನಿಲ್ಲುವುದಿಲ್ಲ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಶುರುವಾದ ನೇರಳೆ ಮಾರ್ಗ 2023ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡ್‌ನಿಂದ ಚಲ್ಲಘಟ್ಟದವರೆಗೆ ಪೂರ್ಣಗೊಂಡಿತು. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗವೂ ಬಂತು. 2025ರ ಫೆಬ್ರುವರಿಯಲ್ಲಿ ಟಿಕೆಟ್ ದರ ಹೆಚ್ಚಿ ಕನಿಷ್ಠ 10, ಗರಿಷ್ಠ 90 ರೂಪಾಯಿ ಆದದ್ದು ವಿದ್ಯಾರ್ಥಿಗಳಿಗೆ ಭಾರವೇ ಸರಿ. ಆದರೂ ಕಾರಿನ ಕಿಲೋಮೀಟರ್ ಲೆಕ್ಕದ ಪಕ್ಕದಲ್ಲಿ ಅದು ಸಣ್ಣದು.

ಬರೀ ಆಟೋದಲ್ಲಿ ಓಡಾಡಿದರೆ?

ಇಲ್ಲಿ ಬ್ರೇಕ್ ಈವನ್ ಬಿಂದುವನ್ನು ಕಂಡುಹಿಡಿಯೋಣ. 2025ರ ಆಗಸ್ಟ್ 1ರಿಂದ ಬೆಂಗಳೂರಿನ ಆಟೋ ಮೀಟರ್ ದರ ಮೊದಲ 2 ಕಿಲೋಮೀಟರಿಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರಿಗೆ 18 ರೂಪಾಯಿ. ಕಾರಿನ ಪೆಟ್ರೋಲ್ ಕಿಲೋಮೀಟರಿಗೆ 6.67. ಅಂದರೆ ಪ್ರತಿ ಕಿಲೋಮೀಟರಿಗೆ ಕಾರು 11.33 ರೂಪಾಯಿ ಉಳಿಸುತ್ತದೆ. ಸ್ಥಿರ ವೆಚ್ಚ 97,450ನ್ನು 11.33ರಿಂದ ಭಾಗಿಸಿದರೆ ಸುಮಾರು 8,600 ಕಿಲೋಮೀಟರ್.

ಇದರ ಅರ್ಥ: ಬಸ್ಸು ಹತ್ತದೆ, ಮೆಟ್ರೋ ಹತ್ತದೆ, ಬರೀ ಆಟೋದಲ್ಲೇ ನವಾಬರಂತೆ ತಿರುಗುವ ವಿದ್ಯಾರ್ಥಿಗೂ ವರ್ಷಕ್ಕೆ 8,600 ಕಿಲೋಮೀಟರ್ ದಾಟಿದ ಮೇಲೆಯೇ ಕಾರು ಅಗ್ಗ. 220 ದಿನಕ್ಕೆ ಹಂಚಿದರೆ ದಿನಕ್ಕೆ 39 ಕಿಲೋಮೀಟರ್. ಮೀಟರ್ ಹಾಕದೆ ಹೆಚ್ಚು ಕೇಳುವ ಆಟೋಗಳಿದ್ದರೆ ಈ ಬಿಂದು ಸ್ವಲ್ಪ ಕೆಳಗೆ ಬರುತ್ತದೆ, ಅಷ್ಟೇ.

ಕಾಲೇಜಿಗೆ ಅಷ್ಟು ದೂರವಿದ್ದರೆ ಕಾರು ಕೊಳ್ಳುವ ಬದಲು ರೂಮು ಬದಲಿಸುವುದೇ ಜಾಣತನ. ಕಾರು ನಿಲ್ಲಿಸಲು ಕೊಡುವ 2,000 ರೂಪಾಯಿಯನ್ನು ಬಾಡಿಗೆಗೆ ಸೇರಿಸಿದರೆ ನಾವೇ ಕಾಲೇಜಿನ ಹತ್ತಿರ ಬರಬಹುದು. ಜಪಾನಿನಲ್ಲಿ ಕಾರು ನೋಂದಾಯಿಸುವ ಮೊದಲು ಅದನ್ನು ನಿಲ್ಲಿಸಲು ಸ್ವಂತ ಅಥವಾ ಬಾಡಿಗೆ ಜಾಗವಿದೆ ಎಂದು ಸಾಮಾನ್ಯವಾಗಿ ಪ್ರಮಾಣಪತ್ರ ತೋರಿಸಬೇಕು. ಆ ಕಾನೂನು 1962ರದು. ನಮ್ಮಲ್ಲಿ ಮೊದಲು ಕಾರು ಬರುತ್ತದೆ, ಆಮೇಲೆ ಜಾಗ ಹುಡುಕುತ್ತೇವೆ.

ಬಡ್ಡಿ ಇಲ್ಲದ ಹಣಕ್ಕೂ ಬೆಲೆಯಿದೆ

ನಮ್ಮ ಅನೇಕ ಮನೆಗಳಲ್ಲಿ ಬಡ್ಡಿಯ ಸಾಲ ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಕಾರು ಬಂದರೆ ಕೂಡಿಟ್ಟ ನಗದಿನಿಂದ ಬರಬೇಕು, ಇಲ್ಲವೇ ಅಮ್ಮಿಯ ಚಿನ್ನದಿಂದ. ಬಡ್ಡಿ ಇಲ್ಲವಾದ್ದರಿಂದ ಈ ಹಣಕ್ಕೆ ವೆಚ್ಚವಿಲ್ಲ ಎಂದು ಭಾವಿಸುತ್ತೇವೆ. ಅರ್ಥಶಾಸ್ತ್ರ ಹಾಗೆ ಹೇಳುವುದಿಲ್ಲ. ಒಂದು ಹಣವನ್ನು ಒಂದು ಕಡೆ ಹಾಕಿದಾಗ, ಅದೇ ಹಣದಿಂದ ಆಗಬಹುದಾಗಿದ್ದ ಇನ್ನೊಂದು ಒಳ್ಳೆಯ ಕೆಲಸ ನಿಂತುಹೋಗುತ್ತದೆ. ಅದೇ ಅವಕಾಶ ವೆಚ್ಚ.

ಇದು ನನಗೆ ಸರಿಯಾಗಿ ಅರ್ಥವಾದದ್ದು ನಮ್ಮ ಕುಟುಂಬದ ಒಂದು ಚರ್ಚೆಯಲ್ಲಿ. ನನ್ನ ಖಾಲಾನ ಮಗನಿಗೆ ಬೆಂಗಳೂರಿನಲ್ಲಿ ಬಿ.ಕಾಂ. ಸೀಟು ಸಿಕ್ಕಿತು. ದುಬೈಯಲ್ಲಿರುವ ಖಾಲು ಕಾರಿಗೆಂದು ನಾಲ್ಕು ಲಕ್ಷ ಕಳಿಸಲು ತಯಾರಾದರು. ಮನೆಯಲ್ಲಿ ಎಲ್ಲರಿಗೂ ಸಂತೋಷ. ಒಳ್ಳೆಯ ಸವಾರಿ ಮನುಷ್ಯನ ಭಾಗ್ಯಗಳಲ್ಲಿ ಒಂದೆಂದು ಹದೀಸಿನಲ್ಲೂ ಇದೆ ಎಂದು ಅಬ್ಬಾ ನೆನಪಿಸಿದರು. ಅವರ ಮಾತು ಸರಿಯೇ. ಆದರೆ ಭಾಯಿಜಾನ್‌ನ ತಂಗಿ ನನ್ನ ಜೊತೆಯವಳು. ಅವಳಿಗೆ ಮಂಗಳೂರಿನಲ್ಲಿ ಓದುತ್ತಾ ಸಿಎ ಪರೀಕ್ಷೆ ಕಟ್ಟುವ ಆಸೆ. ಅವಳ ವಿಷಯ ಬಂದಾಗ "ಮುಂದಿನ ವರ್ಷ ಹಣದ ಅನುಕೂಲ ನೋಡೋಣ" ಎಂದರು.

ನಾನು ಮೇಲಿನ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಖಾಲುಗೆ ಫೋನಿನಲ್ಲಿ ಕಳಿಸಿದೆ. ಕೊನೆಯಲ್ಲಿ ಒಂದು ಪ್ರಶ್ನೆ ಕೇಳಿದೆ: "ಖಾಲು, ದುಬೈಯಲ್ಲಿ ನೀವು ಕೆಲಸಕ್ಕೆ ಹೇಗೆ ಹೋಗುತ್ತೀರಿ?" ಅವರು ಅಲ್ಲಿ ಎಷ್ಟೋ ವರ್ಷಗಳಿಂದ ಇದ್ದಾರೆ. ಸ್ವಂತ ಕಾರಿಲ್ಲ. 2009ರಲ್ಲಿ ದುಬೈ ಮೆಟ್ರೋ ಶುರುವಾದ ಮೇಲೆ ಅದರಲ್ಲೇ ಓಡಾಟ. ಮರುದಿನ ಅವರ ಉತ್ತರ ಬಂತು: "ಒಂದು ವರ್ಷ ಅವನು ಬಸ್ಸಿನಲ್ಲಿ ಹೋಗಲಿ. ಬೇಟಿಯ ಅಡ್ಮಿಷನ್ ಮೊದಲು." ಭಾಯಿಜಾನ್ ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ಒಂದು ಕಾರಿನ ಅವಕಾಶ ವೆಚ್ಚ ಒಬ್ಬಳ ಓದು ಆಗಿರಬಹುದು ಎಂಬುದು ಯಾವ ಪುಸ್ತಕದ ಉದಾಹರಣೆಯಲ್ಲೂ ನನಗೆ ಸಿಕ್ಕಿರಲಿಲ್ಲ.

ಹುಡುಗಿಯರ ಲೆಕ್ಕ ಬೇರೆ

ಹುಡುಗಿಯರ ವಿಷಯದಲ್ಲಿ ಮನೆಯವರು ಕಾರಿನ ಮಾತು ಎತ್ತುವುದು ಸುರಕ್ಷತೆಗಾಗಿ. ಆ ಭಯವನ್ನು ತಮಾಷೆ ಮಾಡಬಾರದು. ಆದರೆ ಹಣದ ಲೆಕ್ಕ ಇಲ್ಲಿ ಇನ್ನೂ ಸ್ಪಷ್ಟ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರಿಗೆ ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಬಿಎಂಟಿಸಿಯ ಸಾಮಾನ್ಯ ಬಸ್ಸುಗಳೂ ಇದರಲ್ಲಿ ಸೇರಿವೆ. ಬೆಂಗಳೂರಿನಲ್ಲಿ ಹುಡುಗಿಯ ಬಸ್ ಖರ್ಚು ಸೊನ್ನೆ. ಮಂಗಳೂರು, ಉಡುಪಿಯಲ್ಲಿ ಸಿಟಿ ಬಸ್ಸುಗಳು ಹೆಚ್ಚಾಗಿ ಖಾಸಗಿಯವು, ಅಲ್ಲಿ ಟಿಕೆಟ್ ಕೊಡಬೇಕು. ಆದರೆ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತಲೇ ಇರುತ್ತವೆ. ಸುರಕ್ಷತೆಗೆ ಕಾರಿಗಿಂತ ಹೆಚ್ಚು ಸಹಾಯ ಮಾಡುವುದು ಕಾಲೇಜಿಗೆ ಹತ್ತಿರದ ಹಾಸ್ಟೆಲ್, ಕತ್ತಲಾಗುವ ಮೊದಲು ಮುಗಿಯುವ ತರಗತಿ ಮತ್ತು ಜೊತೆಗೆ ಹೋಗುವ ಗೆಳತಿಯರು. ಈ ಮೂರನ್ನೂ ಅಡ್ಮಿಷನ್‌ಗೆ ಮೊದಲೇ ವಿಚಾರಿಸಬಹುದು.

ಬೈಕು?

"ಕಾರು ಬೇಡ, ಬೈಕು ಕೊಡಿಸಿ" ಎನ್ನುವವರಿದ್ದಾರೆ. ಬೈಕಿನ ಸ್ಥಿರ ವೆಚ್ಚ ಕಡಿಮೆ, ನಿಲ್ಲಿಸಲು ಜಾಗವೂ ಕಡಿಮೆ ಸಾಕು. ಹಣದ ಲೆಕ್ಕದಲ್ಲಿ ಅದು ಗೆಲ್ಲಬಹುದು. ಆದರೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನ ಸತ್ತರು. ಅವರಲ್ಲಿ ಶೇ 44.5 ದ್ವಿಚಕ್ರ ವಾಹನದಲ್ಲಿದ್ದವರು. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಬೆಳೆದ ನಮಗೆ ಈ ಸಂಖ್ಯೆಯ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಈ ವೆಚ್ಚವನ್ನು ಬರೆಯಲು ಖಾತೆ ಪುಸ್ತಕದಲ್ಲಿ ಕಾಲಂ ಇಲ್ಲ.

ಹಾಗಾದರೆ ವಾಹನ ಯಾರಿಗೆ ಬೇಕು?

ನಡೆಯಲು ಕಷ್ಟವಿರುವ ವಿದ್ಯಾರ್ಥಿಗೆ, ಬಸ್ ಮತ್ತು ಮೆಟ್ರೋ ನಿಂತ ಮೇಲೆ ರಾತ್ರಿ ಕೆಲಸ ಮಾಡಿ ಓದುವವರಿಗೆ, ಜೊತೆಯಲ್ಲಿರುವ ತಂದೆ ತಾಯಿಯನ್ನು ಪದೇ ಪದೇ ಆಸ್ಪತ್ರೆಗೆ ಕರೆದೊಯ್ಯಬೇಕಾದವರಿಗೆ ಕಾರು ಅನುಕೂಲವಲ್ಲ, ಅಗತ್ಯ. ಅವರಿಗೆ ಮೇಲಿನ ಲೆಕ್ಕ ಅನ್ವಯಿಸುವುದಿಲ್ಲ. ಕಾರಿನಿಂದ ವ್ಯಾಪಾರ ಮಾಡಿ ಆದಾಯ ಗಳಿಸುವವರಿಗೂ ಲೆಕ್ಕ ಬೇರೆ, ಏಕೆಂದರೆ ಅಲ್ಲಿ ವೆಚ್ಚದ ಎದುರಿಗೆ ಆದಾಯವೂ ಇದೆ.

ಇನ್ನೊಂದು ಮಾತು. ಈ ಲೆಕ್ಕ ಮಾಡುವಾಗ ನನಗೆ ತೋಚಿದ್ದು ಇದು: ವಾಹನದ ಅಗತ್ಯ ಹೆಚ್ಚಿರುವುದು ದೊಡ್ಡ ಊರಿನಲ್ಲಲ್ಲ, ನಮ್ಮ ಕಡೆಯೇ. ಹೆದ್ದಾರಿಯ ಮೇಲಿರುವ ಶಿರಾಲಿ, ಮುರ್ಡೇಶ್ವರ, ಮಂಕಿ, ಕಾಸರಕೋಡ, ಹಳದೀಪುರದವರಿಗೆ ಬಸ್ಸುಗಳಿವೆ. ಕುಮಟಾ, ಹೊನ್ನಾವರ, ಭಟ್ಕಳದಲ್ಲಿ ಕೊಂಕಣ ರೈಲು ನಿಲ್ಲುತ್ತದೆ. ಆದರೆ ಹೆದ್ದಾರಿ ಬಿಟ್ಟು ಘಟ್ಟದ ಕಡೆಗೆ ಹೋದಂತೆ ಬಸ್ಸುಗಳು ಕಡಿಮೆಯಾಗುತ್ತವೆ. ಒಂದು ಬಸ್ಸು ತಪ್ಪಿದರೆ ಮೊದಲ ಎರಡು ಪೀರಿಯಡ್ ತಪ್ಪಿದಂತೆ. ಮಳೆಗಾಲದಲ್ಲಿ ಇನ್ನೂ ಕಷ್ಟ. ಅಲ್ಲಿಂದ ಬರುವ ನಮ್ಮ ಸಹಪಾಠಿಗಳಿಗೆ ಕಾರು ಕೊಡಿಸುವ ಮಾತನ್ನು ಯಾರೂ ಆಡುವುದಿಲ್ಲ. ಹೆಜ್ಜೆಗೊಂದು ಬಸ್ ನಿಲ್ದಾಣವಿರುವ ಬೆಂಗಳೂರಿಗೆ ಹೋಗುವವರಿಗೆ ಕೊಡಿಸುತ್ತೇವೆ.

ಒಳಗಿನ ಊರುಗಳಿಗೂ ನಿಜವಾಗಿ ಬೇಕಾಗಿರುವುದು ಒಬ್ಬೊಬ್ಬರಿಗೆ ಒಂದೊಂದು ಕಾರಲ್ಲ, ಸರಿಯಾದ ಹೊತ್ತಿಗೆ ಒಂದು ಬಸ್ಸು. ಐವತ್ತು ಜನ ಕುಳಿತಾಗ ಬಸ್ಸಿನ ಸ್ಥಿರ ವೆಚ್ಚ ಐವತ್ತು ಪಾಲಾಗುತ್ತದೆ. ಒಬ್ಬನೇ ಕುಳಿತ ಕಾರಿನ ಸ್ಥಿರ ವೆಚ್ಚ ಒಬ್ಬನ ಮೇಲೆಯೇ ಬೀಳುತ್ತದೆ. ಸರಾಸರಿ ಸ್ಥಿರ ವೆಚ್ಚದ ರೇಖೆ ಏಕೆ ಇಳಿಯುತ್ತದೆ ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಯಾವ ಊರಿನಿಂದ ಎಷ್ಟು ವಿದ್ಯಾರ್ಥಿಗಳು, ಎಷ್ಟು ಗಂಟೆಗೆ ಬಸ್ಸು ಬೇಕು ಎಂದು ಪಟ್ಟಿ ಮಾಡಿ, ಪ್ರಾಚಾರ್ಯರ ಸಹಿಯೊಂದಿಗೆ ಬಸ್ ಘಟಕಕ್ಕೆ ಅರ್ಜಿ ಕೊಡುವ ಕೆಲಸವನ್ನು ನಮ್ಮ ವಾಣಿಜ್ಯ ವಿಭಾಗವೇ ಈ ವರ್ಷ ಕೈಗೆತ್ತಿಕೊಳ್ಳಬಹುದು.

ಅಭ್ಯಾಸ

1. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಇರುವ ಒಂದು ವಾಹನದ ಒಂದು ವರ್ಷದ ಸ್ಥಿರ ವೆಚ್ಚ ಮತ್ತು ಬದಲಾಗುವ ವೆಚ್ಚವನ್ನು ಬೇರೆ ಬೇರೆ ಬರೆಯಿರಿ. ಕಿಲೋಮೀಟರಿಗೆ ಒಟ್ಟು ಎಷ್ಟು ಬೀಳುತ್ತದೆ?

2. ಮೇಲಿನ ಉದಾಹರಣೆಯಲ್ಲಿ ನಿಲ್ಲಿಸುವ ಜಾಗ ಉಚಿತವಾಗಿ ಸಿಕ್ಕರೆ ಬ್ರೇಕ್ ಈವನ್ ಬಿಂದು ಎಷ್ಟು ಕಿಲೋಮೀಟರಿಗೆ ಇಳಿಯುತ್ತದೆ?

3. ನಾಲ್ಕು ಜನ ಗೆಳೆಯರು ಒಂದು ಕಾರನ್ನು ಹಂಚಿಕೊಂಡರೆ ಒಬ್ಬೊಬ್ಬರ ಪಾಲು ಎಷ್ಟು? ಬಸ್ ಪಾಸಿಗಿಂತ ಅದು ಕಡಿಮೆಯೆ?

4. ನೀವು ಮುಂದೆ ಓದಲು ಬಯಸುವ ಕಾಲೇಜಿಗೆ ಹತ್ತಿರದ ಬಸ್ ಅಥವಾ ಮೆಟ್ರೋ ನಿಲ್ದಾಣ ಯಾವುದು? ಅಲ್ಲಿಂದ ನಡೆದು ಹೋಗಲು ಎಷ್ಟು ನಿಮಿಷ? ಇದನ್ನು ತಿಳಿದುಕೊಂಡ ನಂತರವೇ ರೂಮು ಹುಡುಕಲು ಹೊರಡಿ.

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ